ಆಜಾ ನಚ್ಲೆ (ಚಲನಚಿತ್ರ)

ಆಜಾ ನಚ್ಲೆ ೨೦೦೭ರ ನವೆಂಬರ್ ೩೦ರಂದು ತೆರೆಕಂಡ ಹಿಂದಿ ಚಲನಚಿತ್ರ. ಅಳಿವಿನ ಅಂಚಿನಲ್ಲಿರುವ ಸಣ್ಣ ಊರಿನ ರಂಗಮಂದಿರವೊಂದನ್ನು ನೃತ್ಯ ಮತ್ತು ನಾಟಕದ ಮೂಲಕ ಉಳಿಸಿಕೊಳ್ಳುವ ಪ್ರಯತ್ನ ಇದರ ಕಥಾವಸ್ತು. ಯಶ್ ರಾಜ್ ಫಿಲ್ಮ್ಸ್ ಸಂಸ್ಥೆ ನಿರ್ಮಿಸಿದ ಈ ಚಿತ್ರವನ್ನು ಅನಿಲ್ ಮೆಹ್ತಾ ನಿರ್ದೇಶಿಸಿದ್ದಾರೆ. 'ಲಗಾನ್', 'ಹಮ್ ದಿಲ್ ದೇ ಚುಕೇ ಸನಮ್' ಮುಂತಾದ ಚಿತ್ರಗಳ ಛಾಯಾಗ್ರಾಹಕರಾಗಿ ಹೆಸರು ಮಾಡಿದ್ದ ಅವರು ನಿರ್ದೇಶಿಸಿದ ಮೊದಲ ಚಿತ್ರವಿದು. ಚಿತ್ರಕಥೆ ಜೈದೀಪ್ ಸಾಹ್ನಿ ಅವರದು. ೨೦೦೨ರ 'ದೇವದಾಸ್' ಚಿತ್ರದ ನಂತರ ಬೆಳ್ಳಿತೆರೆಯಿಂದ ದೂರವಿದ್ದ ನಟಿ ಮಾಧುರಿ ದೀಕ್ಷಿತ್ ಈ ಚಿತ್ರದ ಮೂಲಕ ಮತ್ತೆ ಅಭಿನಯಕ್ಕೆ ಮರಳಿದರು.

ಕಥಾಸಾರಾಂಶ

ದಿಯಾ ನ್ಯೂಯಾರ್ಕಿನಲ್ಲಿ ನೃತ್ಯ ಸಂಯೋಜಕಿಯಾಗಿ, ವಿಚ್ಛೇದನದ ನಂತರ ಮಗಳು ರಾಧಾಳೊಡನೆ ಬದುಕು ನಡೆಸುತ್ತಿರುತ್ತಾಳೆ. ತನಗೆ ನೃತ್ಯ ಕಲಿಸಿದ ಗುರು ಮಕರಂದ್ ಮರಣಶಯ್ಯೆಯಲ್ಲಿದ್ದಾರೆಂಬ ಸುದ್ದಿ ತಿಳಿದು ಅವಳು ಹುಟ್ಟೂರಾದ ಶಾಮ್ಲಿಗೆ ಧಾವಿಸುತ್ತಾಳೆ. ಆದರೆ ಅವಳು ತಲಪುವ ವೇಳೆಗೆ ಗುರು ತೀರಿಕೊಂಡಿರುತ್ತಾರೆ. ತಾವು ಜೀವನವಿಡೀ ಕಟ್ಟಿ ಬೆಳೆಸಿದ 'ಅಜಂತಾ' ಬಯಲು ರಂಗಮಂದಿರವನ್ನು ಉಳಿಸಬೇಕೆಂಬ ಅವರ ಕೊನೆಯ ಬಯಕೆ ಮಾತ್ರ ದಿಯಾಳಿಗಾಗಿ ಕಾದಿರುತ್ತದೆ.

ಹಲವು ವರ್ಷಗಳ ಹಿಂದೆ ಅಮೆರಿಕದ ಛಾಯಾಚಿತ್ರಗ್ರಾಹಕನೊಬ್ಬನನ್ನು ಪ್ರೀತಿಸಿ, ನಿಶ್ಚಯವಾಗಿದ್ದ ಮದುವೆಯನ್ನು ತೊರೆದು ಊರು ಬಿಟ್ಟವಳು ದಿಯಾ. ಈ ಕಾರಣದಿಂದ ಊರಿನ ಜನ ಅವಳನ್ನು ಸ್ವಾಗತಿಸುವುದಿಲ್ಲ. ಪಾಳುಬಿದ್ದ ಅಜಂತಾವನ್ನು ಕೆಡವಿ ಆ ಜಾಗದಲ್ಲಿ ಶಾಪಿಂಗ್ ಮಾಲ್ ಕಟ್ಟುವ ಯೋಜನೆಯೂ ಸಿದ್ಧವಾಗಿರುತ್ತದೆ. ಅದನ್ನು ವಿರೋಧಿಸುವ ದಿಯಾಳಿಗೆ ಸಂಸದ ರಾಜಾ ಉದಯ್ ಸಿಂಗ್ ಒಂದು ಸವಾಲು ಹಾಕುತ್ತಾನೆ: ಎರಡು ತಿಂಗಳೊಳಗೆ ಶಾಮ್ಲಿಯ ಜನರನ್ನೇ ಕಲಾವಿದರನ್ನಾಗಿಸಿ ಯಶಸ್ವಿ ಪ್ರದರ್ಶನ ನೀಡಿದರೆ ಅಜಂತಾ ಉಳಿಯುತ್ತದೆ.

ದಿಯಾ 'ಲೈಲಾ ಮಜ್ನು' ಕಥೆಯನ್ನು ಗೀತನೃತ್ಯ ನಾಟಕವಾಗಿ ಆಡಿಸಲು ನಿರ್ಧರಿಸುತ್ತಾಳೆ. ಗಂಡುಬೀರಿ ಎನಿಸಿಕೊಂಡ ಅನೋಖಿ ಲೈಲಾ ಆಗುತ್ತಾಳೆ. ಊರಿನ ಪುಂಡ ಇಮ್ರಾನ್ ಮಜ್ನು ಆಗುತ್ತಾನೆ. ನೀರಸ ಬದುಕಿನಿಂದ ಬೇಸತ್ತ ಚೋಜರ್, ಹಿಂದೆ ದಿಯಾಳಿಂದ ತಿರಸ್ಕೃತನಾಗಿದ್ದ ಮೋಹನ್ ಮೊದಲಾದವರೂ ಒಬ್ಬೊಬ್ಬರಾಗಿ ತಂಡ ಸೇರುತ್ತಾರೆ. ಅಡ್ಡಿಗಳ ನಡುವೆಯೂ ಪ್ರದರ್ಶನ ನಡೆದು ಊರಿನ ಮನಸ್ಸನ್ನು ಗೆಲ್ಲುತ್ತದೆ.

ಪಾತ್ರವರ್ಗ

* ಮಾಧುರಿ ದೀಕ್ಷಿತ್ – ದಿಯಾ
* ಕೊಂಕಣಾ ಸೇನ್ ಶರ್ಮಾ – ಅನೋಖಿ
* ಕುನಾಲ್ ಕಪೂರ್ – ಇಮ್ರಾನ್
* ಅಕ್ಷಯ್ ಖನ್ನಾ – ರಾಜಾ ಉದಯ್ ಸಿಂಗ್
* ದರ್ಶನ್ ಜರಿವಾಲಾ – ಮಕರಂದ್
* ಇರ್ಫಾನ್ ಖಾನ್ – ಫಾರೂಕ್
* ದಿವ್ಯಾ ದತ್ತಾ – ನಜ್ಮಾ
* ರಣವೀರ್ ಶೌರಿ – ಮೋಹನ್
* ವಿನಯ್ ಪಾಠಕ್ – ಚೋಜರ್
* ರಘುವೀರ್ ಯಾದವ್ – ಡಾಕ್ಟರ್ ಸಾಬ್

ವಸ್ತು ಮತ್ತು ನಿರೂಪಣೆ

ಅಜಂತಾದ ಅವನತಿಗೆ ಹೊರಗಿನವರಷ್ಟೇ ಅಲ್ಲ, ಊರಿನವರ ಉದಾಸೀನತೆಯೂ ಕಾರಣವೆಂಬುದನ್ನು ಚಿತ್ರ ಮರೆಮಾಚುವುದಿಲ್ಲ. ಜನರು ಬರುವುದನ್ನು ನಿಲ್ಲಿಸಿದ ಮೇಲೆ ರಂಗಮಂದಿರ ಪಾಳುಬಿದ್ದಿದೆ. ಅದರ ಸ್ಥಳಕ್ಕೆ ಬೆಲೆ ಬಂದಿದೆ, ಕಲೆಗೆ ಬೆಲೆ ಇಲ್ಲವಾಗಿದೆ. ಆದ್ದರಿಂದಲೇ ಹೊರಗಿನ ವೃತ್ತಿಪರ ಕಲಾವಿದರನ್ನು ಕರೆಸದೆ ಸ್ಥಳೀಯರೇ ಆಡಬೇಕೆಂಬ ನಿಬಂಧನೆ ಕಥೆಯ ತಿರುಳಾಗಿದೆ. ಕಟ್ಟಡವನ್ನು ರಕ್ಷಿಸಿದ ಮಾತ್ರಕ್ಕೆ ಸಂಸ್ಕೃತಿ ಉಳಿಯದು, ಅದನ್ನು ಬಳಸುವ ಜನರಿದ್ದರೆ ಮಾತ್ರ ಉಳಿಯುತ್ತದೆ ಎಂಬುದು ಇದರ ಧ್ವನಿ.

ನಾಟಕಕ್ಕೆ ಆರಿಸಿಕೊಂಡ ಕಥೆಯೂ ಔಚಿತ್ಯಪೂರ್ಣವಾಗಿದೆ. ಅರಬ್ ಮೂಲದ ಲೈಲಾ ಮಜ್ನು ಪ್ರಣಯಕಥೆಯನ್ನು ೧೨ನೆಯ ಶತಮಾನದಲ್ಲಿ ನಿಜಾಮಿ ಪರ್ಷಿಯನ್ ಭಾಷೆಯಲ್ಲಿ ಕಾವ್ಯವಾಗಿಸಿದನು. ಮುಂದೆ ಅದು ಉತ್ತರ ಭಾರತದ ನೌಟಂಕಿಯಂತಹ ಜನಪದ ರಂಗಪ್ರಕಾರಗಳಲ್ಲಿಯೂ ಜನಪ್ರಿಯವಾಯಿತು.

ಸಂಗೀತ ಮತ್ತು ನೃತ್ಯ

ಸಂಗೀತ ನಿರ್ದೇಶಕರು ಸಲೀಂ–ಸುಲೈಮಾನ್ ಸಹೋದರರು. ಶೀರ್ಷಿಕೆ ಗೀತೆಯನ್ನು ಸುನಿಧಿ ಚೌಹಾಣ್, 'ಓ ರೇ ಪಿಯಾ' ಗೀತೆಯನ್ನು ರಾಹತ್ ಫತೇ ಅಲಿ ಖಾನ್ ಹಾಡಿದ್ದಾರೆ. ನೃತ್ಯ ಸಂಯೋಜನೆ ವೈಭವಿ ಮರ್ಚೆಂಟ್ ಅವರದು. ಬಾಲ್ಯದಿಂದ ಕಥಕ್ ಅಭ್ಯಾಸ ಮಾಡಿದ್ದ ಮಾಧುರಿ ಅವರ ನೃತ್ಯಗಳು ಚಿತ್ರದ ಮುಖ್ಯ ಆಕರ್ಷಣೆಯಾಗಿವೆ.

ವಿವಾದ

ಶೀರ್ಷಿಕೆ ಗೀತೆಯ ಒಂದು ಸಾಲು ಪಾದರಕ್ಷೆ ತಯಾರಿಸುವ ದಲಿತ ಸಮುದಾಯವನ್ನು ಅವಮಾನಿಸುತ್ತದೆಂಬ ಆಕ್ಷೇಪಣೆ ಬಿಡುಗಡೆಯ ಸಮಯದಲ್ಲಿಯೇ ಕೇಳಿಬಂದಿತು. ಮಾಯಾವತಿ ಅವರು ಮುಖ್ಯಮಂತ್ರಿಯಾಗಿದ್ದ ಉತ್ತರ ಪ್ರದೇಶದ ಸರ್ಕಾರ ಚಿತ್ರದ ಪ್ರದರ್ಶನವನ್ನು ನಿಷೇಧಿಸಿತು. ನಿರ್ಮಾಪಕರು ಕ್ಷಮೆ ಯಾಚಿಸಿ ಆ ಸಾಲನ್ನು ತೆಗೆದುಹಾಕಿದ ನಂತರ ನಿಷೇಧವನ್ನು ಹಿಂತೆಗೆದುಕೊಳ್ಳಲಾಯಿತು. ಊರಿನ ಎಲ್ಲರನ್ನೂ ಒಂದೇ ರಂಗಕ್ಕೆ ಕರೆಯುವ ಗೀತೆಯೇ ಒಂದು ಸಮುದಾಯವನ್ನು ನೋಯಿಸಿದ್ದರಿಂದ ಈ ಪ್ರಸಂಗ ವ್ಯಾಪಕ ಚರ್ಚೆಗೆ ಒಳಗಾಯಿತು.

ಪ್ರತಿಕ್ರಿಯೆ

ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನಿರೀಕ್ಷಿತ ಯಶಸ್ಸು ಕಾಣಲಿಲ್ಲ. ಆದರೂ ಮಾಧುರಿ ಅವರ ಅಭಿನಯ ಮತ್ತು ನೃತ್ಯ ಮೆಚ್ಚುಗೆ ಪಡೆದವು. ಅವರು ಫಿಲ್ಮ್‌ಫೇರ್ ಅತ್ಯುತ್ತಮ ನಟಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. ಕೊನೆಯ ಭಾಗದಲ್ಲಿ ಬರುವ ಲೈಲಾ ಮಜ್ನು ನಾಟಕ ಚಿತ್ರದ ಗಮನಾರ್ಹ ಅಂಶವೆನಿಸಿದೆ.