ತುಳಸಿಯ ವಾಸನೆ ಎಲ್ಲಿ ಅಡಗಿದೆ?



ಮನೆಯ ಮುಂದಿನ ತುಳಸಿಯ ಹತ್ತಿರ ಸುಮ್ಮನೆ ನಿಂತರೆ ವಾಸನೆ ಅಷ್ಟಾಗಿ ಬರುವುದಿಲ್ಲ. ದಾಟಿ ಹೋಗುವಾಗ ಸೀರೆಯ ಸೆರಗು ತಾಗಿತೆಂದರೆ ಸಾಕು, ಘಮ್ಮೆನ್ನುತ್ತದೆ. ಯಾಕೆ ಹೀಗೆ? ಈ ಸಣ್ಣ ಪ್ರಶ್ನೆಗೆ ಉತ್ತರ ತಿಳಿಯದೆ ಒಂದು ಮನೆಯವರು ಬೆಳೆಯನ್ನೇ ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ.

ಸುರಪುರದ ಕಡೆಯ ಒಂದು ಹಳ್ಳಿ. ಅಲ್ಲಿನ ರೈತರೊಬ್ಬರು ಬಾವಿಯ ಮಗ್ಗುಲಿನ ಹತ್ತು ಗುಂಟೆಯಲ್ಲಿ ತುಳಸಿ ಹಾಕಿದ್ದರು. "ಸಾಹೇಬ್ರ, ಕೊಯ್ದ ಮ್ಯಾಲ ಏನ್ ಮಾಡಬೇಕ್ರಿ?" ಎಂದು ಕೇಳಿದರು. "ಚೆನ್ನಾಗಿ ಒಣಗಿಸಿರಿ" ಎಂದಷ್ಟೇ ಹೇಳಿ ಬಂದೆ. ಅವರು ಜೋಳದ ತೆನೆಯಂತೆ ಮಾಳಿಗೆಯ ಮೇಲೆ ಹರವಿ, ನಾಲ್ಕು ದಿನ ಸುಡುಬಿಸಿಲಿನಲ್ಲಿ ಒಣಗಿಸಿ, ಕಾಲಿನಿಂದ ತಿರುವಿಹಾಕಿ, ಚೀಲಕ್ಕೆ ತುಳಿದು ತುಂಬಿದರು. ಕೊಳ್ಳಲು ಬಂದ ವ್ಯಾಪಾರಿ ಒಂದು ಹಿಡಿ ಮೂಸಿ, "ಇದು ಬರೀ ಹೊಟ್ಟು" ಎಂದು ಎದ್ದುಹೋದನು. ತಪ್ಪು ಆ ರೈತರದಲ್ಲ, ಅರ್ಧ ಮಾತು ಹೇಳಿದ ನನ್ನದು. ಉಳಿದ ಅರ್ಧವನ್ನು ಈಗ ಹೇಳುತ್ತೇನೆ.

ತುಳಸಿ ಎಲೆಯ ಬೆನ್ನನ್ನು ಭೂತಗನ್ನಡಿಯಿಂದ ನೋಡಿರಿ. ಚೂಪಾದ ಸಾದಾ ಕೂದಲುಗಳ ನಡುನಡುವೆ ಮಿನುಗುವ ಸಣ್ಣ ಚುಕ್ಕೆಗಳು ಕಾಣುತ್ತವೆ. ಇವೂ ಒಂದು ತರದ ಕೂದಲುಗಳೇ. ಆದರೆ ಗಿಡ್ಡವಾಗಿದ್ದು ತುದಿಯಲ್ಲಿ ತಲೆಯುಳ್ಳವು. ಇವಕ್ಕೆ ಗ್ರಂಥಿರೋಮ ಎಂದು ಹೆಸರು. ಇವುಗಳಲ್ಲಿ ದೊಡ್ಡವುಗಳ ತಲೆಯಲ್ಲಿ ತುಳಸಿಗೆ 4 ಜೀವಕೋಶಗಳಿದ್ದರೆ, ಪುದೀನಕ್ಕೆ 8. ಈ ಕೋಶಗಳೇ ಸುಗಂಧ ತೈಲದ ಗಾಣ. ಆದರೆ ಒಂದು ಭೇದವಿದೆ ನೋಡ್ರಿ. ನಮ್ಮ ಗಾಣ ಕುಸುಬೆಯಲ್ಲಿ ಮೊದಲೇ ಇದ್ದ ಎಣ್ಣೆಯನ್ನು ಹಿಂಡುತ್ತದೆ; ಈ ಗಾಣ ಎಣ್ಣೆಯನ್ನು ಹೊಸದಾಗಿ ಮಾಡುತ್ತದೆ. ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಈ ಕೋಶಗಳಿಗೆ ಬಂದು ಸೇರುತ್ತದೆ. ಅಲ್ಲಿ ಅದು ಹಂತಹಂತವಾಗಿ ಮಾರ್ಪಟ್ಟು ಎಣ್ಣೆಯಾಗುತ್ತದೆ. ಲವಂಗಕ್ಕೆ ವಾಸನೆ ಕೊಡುವ ಯೂಜಿನಾಲ್ ತುಳಸಿಯಲ್ಲಿಯೂ ಉಂಟು. ಜಪಾನೀ ಪುದೀನದಲ್ಲಿ ಮೆಂಥಾಲ್.

ತಯಾರಾದ ಎಣ್ಣೆ ಕೋಶದಿಂದ ಹೊರಬಿದ್ದು, ಮೇಲಿನ ತೆಳುಪೊರೆಯ ಕೆಳಗೆ ಶೇಖರವಾಗುತ್ತದೆ. ಸುಟ್ಟ ಕೈಗೆ ಬೊಬ್ಬೆ ಏಳುವಂತೆ ಆ ಪೊರೆ ಉಬ್ಬಿ ನಿಲ್ಲುತ್ತದೆ. ಸೆರಗು ತಾಗಿದಾಗ ಈ ಪೊರೆ ಒಡೆಯುತ್ತದೆ, ಎಣ್ಣೆ ಗಾಳಿಗೆ ಹಾರುತ್ತದೆ. ನಾವು ವಾಸನೆ ಎನ್ನುವುದು ಹಾರಿಹೋಗುತ್ತಿರುವ ಆ ಎಣ್ಣೆಯನ್ನೇ. ಮಾಳಿಗೆಯ ಮೇಲೆ ಆದದ್ದೂ ಅದೇ: ಬಿಸಿಲು ಎಣ್ಣೆಯನ್ನು ಹಾರಿಸಿತು, ಕಾಲು ಪೊರೆಯನ್ನು ಒಡೆಯಿತು.

ಗಿಡಕ್ಕೆ ಇದರಿಂದೇನು ಲಾಭ? ಕೀಟ, ರೋಗಗಳಿಂದ ರಕ್ಷಣೆ. ನಮ್ಮ ಕಡಲೆ ಹೊಲದಲ್ಲಿ ಇದರ ಅಣ್ಣತಮ್ಮನಿದ್ದಾನೆ. ಹಿಂಗಾರಿಯಲ್ಲಿ ಕಡಲೆ ಸಾಲಿನಲ್ಲಿ ನಡೆದರೆ ಕಾಲು ಚುರುಗುಟ್ಟುತ್ತದೆ, ಸೊಪ್ಪು ಬಾಯಿಗೆ ಹುಳಿ ಹತ್ತುತ್ತದೆ. ಹಿರಿಯರು ನಸುಕಿನಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಡನೆ ಆ ಹುಳಿಯನ್ನು ಹಿಂಡಿಕೊಳ್ಳುತ್ತಿದ್ದರು. ಅದು ಎಣ್ಣೆಯಲ್ಲ, ಆಮ್ಲ. ಆದರೆ ಅದನ್ನು ಸುರಿಸುವುದೂ ಗ್ರಂಥಿಯುಳ್ಳ ಕೂದಲೇ. ಅದರಲ್ಲಿಯ ಆಕ್ಸಾಲಿಕ್ ಆಮ್ಲ ಕಾಯಿಕೊರಕದ ಎಳೆಯ ಹುಳುವಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಆದರೂ ಹುಳು ಪೂರಾ ನಿಲ್ಲುವುದಿಲ್ಲ. ಹುಳಿಯನ್ನೇ ನಂಬಿ ಹೊಲ ನೋಡುವುದನ್ನು ಬಿಡಬೇಡಿರಿ.

ಎಲ್ಲ ಗಿಡಗಳ ಎಣ್ಣೆಯೂ ಕೂದಲಿನಲ್ಲಿರುವುದಿಲ್ಲ. ಅಜವಾನದ ಎಣ್ಣೆ ಕಾಳಿನೊಳಗಿನ ನಾಳಗಳಲ್ಲಿದೆ, ನಿಂಬೆಯದು ಸಿಪ್ಪೆಯೊಳಗಿನ ಗುಳಿಗಳಲ್ಲಿ. ತುಳಸಿ, ಕಾಮಕಸ್ತೂರಿ, ಪುದೀನ, ದವನ ಇವುಗಳ ಎಣ್ಣೆ ಹೊರಮೈಮೇಲೆ ಇರುವುದರಿಂದ ಇವನ್ನು ಹೂವಿನಂತೆ ನಾಜೂಕಾಗಿ ನೋಡಿಕೊಳ್ಳಬೇಕು.

1. ತುಳಸಿ, ದವನಗಳನ್ನು ಹೂ ಬಿಟ್ಟಾಗ ಕೊಯ್ಯಿರಿ. ಮಳೆ ಇಲ್ಲದ ದಿನ, ಇಬ್ಬನಿ ಆರಿದ ಮೇಲೆ ಕೊಯ್ಯುವುದು ಒಳ್ಳೆಯದು.

2. ಕೊಯ್ದ ಸೊಪ್ಪನ್ನು ತುಳಿಯಬೇಡಿರಿ, ರಾಶಿ ಹಾಕಬೇಡಿರಿ. ಹಸಿ ರಾಶಿ ಒಳಗೇ ಬಿಸಿಯೇರಿ ಕೆಡುತ್ತದೆ.

3. ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರವಿ, ಕೈಯಿಂದ ಮೆಲ್ಲಗೆ ತಿರುವಿರಿ. ಪೂರ್ತಿ ಒಣಗಿದ ಮೇಲೆ ಎಲೆ ಪುಡಿಯಾಗದಂತೆ ತುಂಬಿ, ತಂಪಾದ ಕಡೆ ಇಡಿರಿ.

4. ಎಣ್ಣೆಗಾಗಿ ಬೆಳೆಯುವುದಾದರೆ ಭಟ್ಟಿ ಎಲ್ಲಿದೆ, ಕೊಳ್ಳುವವರಾರು ಎಂಬುದನ್ನು ಬಿತ್ತುವ ಮೊದಲೇ ಗೊತ್ತು ಮಾಡಿಕೊಳ್ಳಿರಿ.

ತಾಯಂದಿರಿಗೆ ಒಂದು ಮಾತು. ತುಳಸಿ ಕಷಾಯವನ್ನು ತಟ್ಟೆ ಮುಚ್ಚಿ ಕುದಿಸಿರಿ. ಆಮೇಲೆ ತಟ್ಟೆಯ ಕೆಳಗಿನ ಹನಿಯನ್ನು ಮೂಸಿ ನೋಡಿರಿ. ಹಬೆಯೊಡನೆ ಎದ್ದ ಎಣ್ಣೆ ಅಲ್ಲಿ ತಣಿದು ನಿಂತಿರುತ್ತದೆ. ಎಣ್ಣೆಯ ಭಟ್ಟಿಯೂ ಕೆಲಸ ಮಾಡುವುದು ಹೀಗೆಯೇ.

ಹೆಚ್ಚಿನ ವಿವರ ಬೇಕಾದವರು ಸುರಪುರ ತಾಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಶಹಾಪುರ ತಾಲೂಕಿನ ಭೀಮರಾಯನಗುಡಿ ಕೃಷಿ ಮಹಾವಿದ್ಯಾಲಯದಲ್ಲಾಗಲಿ ವಿಚಾರಿಸಬಹುದು. ಔಷಧಿ ಮತ್ತು ಸುಗಂಧ ಗಿಡಗಳಿಗೆಂದೇ ಇರುವ, 1959ರಲ್ಲಿ ಆರಂಭವಾದ ಲಖನೌದ ಕೇಂದ್ರ ಸಂಸ್ಥೆ ಸಿಮ್ಯಾಪ್‌ನ ಶಾಖೆ ಬೆಂಗಳೂರಿನಲ್ಲಿದೆ.

ಆ ರೈತರು ಮರುವರ್ಷ ತುಳಸಿಯನ್ನು ಪಡಸಾಲೆಯ ನೆರಳಿನಲ್ಲಿ ಒಣಗಿಸಿದರು. ನಾನು ಹೋದಾಗ ಚೀಲದ ಬಾಯಿ ಬಿಚ್ಚಿ, "ಈಗ ಮೂಸಿ ನೋಡ್ರಿ ಸಾಹೇಬ್ರ" ಎಂದರು. ಬಾಗಿಲ ತನಕ ಘಮ ಬಂದಿತ್ತು.