ಚಾಳೀಸಿನ ಗಾಜು ಗಾಜಲ್ಲ

ವಯಸ್ಸು ೪೦ ದಾಟಿತು ಅಂದರೆ ಸೂಜಿಗೆ ದಾರ ಪೋಣಿಸೋದು ಕಷ್ಟ. ಪುಸ್ತಕವನ್ನು ಕೈ ಚಾಚಿ ದೂರ ಹಿಡಿದರೆ ಮಾತ್ರ ಅಕ್ಷರ ಕಾಣುತ್ತೆ. ಆಗ ಕಣ್ಣು ಪರೀಕ್ಷೆ ಮಾಡಿಸಿ ಚಾಳೀಸು ಹಾಕಿಕೊಳ್ಳುತ್ತೇವೆ.

ಚಾಳೀಸಿನ ಗಾಜು ಅಂತ ನಾವೆಲ್ಲ ಅಂತೀವಿ. ಆದರೆ ಈಗ ಹೆಚ್ಚಿನ ಕನ್ನಡಕಗಳಲ್ಲಿ ಇರೋದು ಗಾಜಲ್ಲ, ಪ್ಲಾಸ್ಟಿಕ್. ಅಂಗಡಿಯವರು ಅದನ್ನು ‘ಫೈಬರ್’ ಅಂತಾರೆ.

ಈ ಪ್ಲಾಸ್ಟಿಕ್ಕಿನ ಕಥೆ ತಮಾಷೆಯಾಗಿದೆ. ಇದು ೧೯೪೦ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಹುಟ್ಟಿಸಿದ್ದು ಒಂದು ಗಾಜಿನ ಕಂಪನಿಗೆ ಸೇರಿದ ಕಾರ್ಖಾನೆಯೇ! ಅವರು ಮಾಡಿ ನೋಡಿದ ಮಿಶ್ರಣಗಳಲ್ಲಿ ಇದು ೩೯ನೆಯದು. ಅದಕ್ಕೇ ಇದರ ಹೆಸರು ಸಿ.ಆರ್. ೩೯.

ಇದು ಹಗುರ. ಅದೇ ಗಾತ್ರದ ಗಾಜಿನ ಸುಮಾರು ಅರ್ಧದಷ್ಟೇ ತೂಕ. ಹಾಗಾಗಿ ಮೂಗನ್ನು ಒತ್ತೋದಿಲ್ಲ. ಕೈಜಾರಿ ಬಿದ್ದರೂ ಗಾಜಿನ ಹಾಗೆ ಸುಲಭವಾಗಿ ಚೂರಾಗೋದಿಲ್ಲ.

ಹಾಗಾದರೆ ಗಾಜಿಗಿಂತ ಇದೇ ಮೇಲು ಅಲ್ವಾ? ಪೂರ್ತಿ ಹಾಗಲ್ಲ. ಗಾಜು ಗಟ್ಟಿ, ಪ್ಲಾಸ್ಟಿಕ್ ಮೆತು. ಇದರ ಮೇಲೆ ಬೇಗ ಗೀರು ಬೀಳುತ್ತೆ. ನಮ್ಮ ಊರಿನ ಧೂಳಿನಲ್ಲಿ ಸಣ್ಣ ಸಣ್ಣ ಮರಳಿನ ಕಣ ಇರುತ್ತೆ. ಕನ್ನಡಕವನ್ನು ಒಣಗಿದ ಸೆರಗಿನಿಂದಲೋ ಪಂಚೆಯ ತುದಿಯಿಂದಲೋ ಒರೆಸಿದರೆ, ಆ ಕಣಗಳೇ ಅದನ್ನು ಉಜ್ಜುತ್ತವೆ. ದಿನಾ ಹೀಗೆ ಮಾಡಿದರೆ ಮಸುಕು ಮಸುಕು. “ಓದು ತಲೆಗೆ ಹತ್ತೋಲ್ಲ ಮೇಷ್ಟ್ರೇ” ಅಂದ ಕೆಲವರ ಕನ್ನಡಕವನ್ನು ನಾವು ಬೆಳಕಿಗೆ ಹಿಡಿದು ನೋಡಿದ್ದೇವೆ. ಬರೀ ಗೀರು! ತಪ್ಪು ತಲೆಯದಲ್ಲ.

ಅದಕ್ಕೆ ಮೊದಲು ನೀರಿನಲ್ಲಿ ತೊಳೆಯಿರಿ. ಜಿಡ್ಡಿದ್ದರೆ ಒಂದು ಚೂರು ಸಾಬೂನು ಸಾಕು. ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಪಾತ್ರೆ ಬೆಳಗುವ ಬೂದಿ, ಪುಡಿ ಬೇಡವೇ ಬೇಡ. ಒಲೆಯ ಪಕ್ಕದಲ್ಲೂ ಇಡಬೇಡಿ. ಇಡುವಾಗ ಕನ್ನಡಕದ ಮುಖ ಕೆಳಗಾಗದಿರಲಿ.

ಪಾಲಿಕಾರ್ಬೊನೇಟ್ ಅಂತ ಇನ್ನೊಂದು ಪ್ಲಾಸ್ಟಿಕ್ ಇದೆ. ಇದು ಇನ್ನೂ ಹಗುರ, ಇನ್ನೂ ತೆಳು. ಪೆಟ್ಟು ಬಿದ್ದರೂ ಸುಲಭಕ್ಕೆ ಒಡೆಯೋದಿಲ್ಲ. ಬಿಸಿಲಿನಲ್ಲಿರುವ, ಕಣ್ಣಿಗೆ ಕೆಡುಕು ಮಾಡುವ ನೇರಳಾತೀತ ಕಿರಣಗಳನ್ನೂ ತಡೆಯುತ್ತೆ. ಆಡುವ ಮಕ್ಕಳಿಗೆ ಇದೇ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ. ಆದರೆ ಇದಕ್ಕೆ ಸಿ.ಆರ್. ೩೯ಕ್ಕಿಂತ ಬೇಗ ಗೀರು ಬೀಳುತ್ತೆ. ಮೇಲೆ ಗಟ್ಟಿ ಲೇಪ ಇರಲೇಬೇಕು. ನಂಬರು ಜಾಸ್ತಿ ಇದ್ದವರಿಗೆ ಅಂಚಿನಲ್ಲಿ ನೋಡಿದಾಗ ಕಾಮನಬಿಲ್ಲಿನ ಹಾಗೆ ಬಣ್ಣದ ಗೆರೆ ಕಾಣಬಹುದು. ಬೆಲೆಯೂ ಹೆಚ್ಚು.

ಕಲ್ಲು ಒಡೆಯುವವರಿಗೆ ಒಂದು ಮಾತು. ಯಾವ ಪ್ಲಾಸ್ಟಿಕ್ ಆದರೂ ಮಾಮೂಲಿ ಕನ್ನಡಕ ನಿಮ್ಮ ಕೆಲಸಕ್ಕೆ ಸಾಲದು. ಚೂರು ಪಕ್ಕದಿಂದಲೂ ಹಾರಿ ಬರುತ್ತೆ. ಪಕ್ಕ ಮುಚ್ಚಿರುವ ರಕ್ಷಣೆಯ ಕನ್ನಡಕವೇ ಬೇಕು. ವೆಲ್ಡಿಂಗ್ ಕೆಲಸಕ್ಕೆ ಅದರದೇ ಕಪ್ಪು ಗಾಜು ಬೇರೆ ಇದೆ.

ಇನ್ನು ಅಂಗಡಿಗೆ ಹೋದಾಗ ಕೇಳಿ: ಇದು ಯಾವ ಪ್ಲಾಸ್ಟಿಕ್? ಮೇಲೆ ಗೀರು ತಡೆಯುವ ಲೇಪ ಇದೆಯಾ? ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದದ್ದನ್ನು ನೀವೇ ಓದಿ ನೋಡಿ, ಆಮೇಲೆ ದುಡ್ಡು ಕೊಡಿ.