ಬಿಚ್ಚುವ ಮೊದಲು ಅಳೆಯಿರಿ: ಮನೆಯಂಗಳದಲ್ಲೇ ಜೀಪಿನ ಡಿಫ್ರೆನ್ಸಲ್ ರಿಪೇರಿ

ಜೀಪಿನ ಹಿಂದಿನ ಹೌಸಿಂಗಿನಿಂದ ‘ಊಂ’ ಅಂತ ಸದ್ದು ಬಂತೆಂದರೆ ನಮ್ಮ ಕಡೆ ಬಹಳಷ್ಟು ಅಂಗಡಿಗಳಲ್ಲಿ ಸಿಗುವ ಉತ್ತರ ಒಂದೇ. “ಕ್ರೌನ್ ಹೋಗ್ಯಾದ್ರಿ, ಸೆಟ್ಟೇ ಬದಲಿ ಮಾಡ್ಬೇಕು.” ಒಳಗೆ ಕೈ ಹಾಕಿ ನೋಡುವ ಮೊದಲೇ ಈ ಮಾತು. ಸೆಟ್ಟು ಎಂದರೆ ಕ್ರೌನ್ ಮತ್ತು ಪಿನಿಯನ್, ಇಡೀ ಡಿಫ್ರೆನ್ಸಲ್ಲಿನಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು. ಖರೇ ನೋಡಿದರೆ ಎಷ್ಟೋ ಸಲ ಕೆಟ್ಟಿರುವುದು ಬೇರಿಂಗು, ಸ್ಟಾರ್ ಗೇರಿನ ವಾಶರು ಅಥವಾ ಒಂದು ಆಯಿಲ್ ಸೀಲು.

ನೌಬಾದದಲ್ಲಿ ನಮ್ಮಂಥ ಮೂರು–ನಾಲ್ಕು ಎಕರೆಯವರಿಗೆ ಹಳೇ ಮಹೀಂದ್ರಾ ಜೀಪೇ ಎಲ್ಲಾ. ನಸುಕಿನಲ್ಲಿ ಬೀದರ ಮಾರ್ಕೆಟ್ಟಿಗೆ ಕಾಯಿಪಲ್ಲೆ, ಮಳೆಗಾಲ ಮುಗಿಯುತ್ತಲೇ ಸೋಯಾ ಚೀಲ, ನಡುವೆ ಆಸ್ಪತ್ರೆಗೆ, ಮದುವೆಗೆ. ಸೋಯಾ ರಾಶಿಯ ವೇಳೆಗೆ ಗಾಡಿ ಒಂದು ವಾರ ಅಂಗಡಿಯಲ್ಲಿ ನಿಂತರೆ ರಿಪೇರಿ ಬಿಲ್ಲಿಗಿಂತ ಬಾಡಿಗೆ ಗಾಡಿಯ ಖರ್ಚೇ ಹೆಚ್ಚಾಗುತ್ತದೆ. ಅದಕ್ಕೇ ಕಳೆದ ಬೇಸಿಗೆಯಲ್ಲಿ, ತೊಗರಿ ಕೆಲಸ ಮುಗಿದ ಮೇಲೆ, ಮನೆ ಮುಂದಿನ ಪತ್ರಾಸಿನ ಚಪ್ಪರದಡಿ ನಮ್ಮ ಜೀಪಿನ ಡಿಫ್ರೆನ್ಸಲ್ಲನ್ನು ಪೂರ್ತಿ ಬಿಚ್ಚಿ ಕಟ್ಟಿದೆವು. ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಕಾಕಾ ಜೊತೆಗಿದ್ದರು. ನಾಲ್ಕು ದಿನ ಹಿಡಿಯಿತು.

ಹಂತಿಯ ಎತ್ತುಗಳ ಲೆಕ್ಕ

ಡಿಫ್ರೆನ್ಸಲ್ ಏನು ಮಾಡುತ್ತದೆ? ಮೇಟಿ ಕಂಬದ ಸುತ್ತ ಹಂತಿ ಹೊಡೆದವರಿಗೆ ಹೇಳಿಕೊಡಬೇಕಿಲ್ಲ. ಒಳಗಿನ ಎತ್ತು ಮೆಲ್ಲಗೆ, ಹೊರಗಿನ ಎತ್ತು ದೊಡ್ಡ ಸುತ್ತು ಹಾಕುವುದರಿಂದ ಬಿರಬಿರನೆ ನಡೆಯುತ್ತದೆ. ಗಾಡಿ ತಿರುಗುವಾಗ ಎರಡು ಗಾಲಿಗಳದ್ದೂ ಇದೇ ಕತೆ. ಎರಡನ್ನೂ ಒಂದೇ ಸಳಿಗೆ ಬಿಗಿದರೆ ಒಂದು ಗಾಲಿ ನೆಲಕ್ಕೆ ಉಜ್ಜಲೇಬೇಕು. ಫ್ರಾನ್ಸಿನ ಪೆಕ್ಯೂರ್ ಎಂಬ ಗಡಿಯಾರದ ಕಸುಬುದಾರ 1828ರಲ್ಲಿ ಉಗಿಬಂಡಿಗಾಗಿ ಈ ಗೇರಿನ ಜೋಡಣೆಗೆ ಪೇಟೆಂಟ್ ಪಡೆದ. ಇವತ್ತಿಗೂ ಮೂಲ ಅದೇ. ಪಿನಿಯನ್ ಕ್ರೌನನ್ನು ತಿರುಗಿಸುತ್ತದೆ, ಕ್ರೌನಿಗೆ ಬಿಗಿದ ಗೂಡಿನೊಳಗೆ ಸ್ಟಾರ್ ಗೇರುಗಳು ಕೂತು ಎರಡು ಸನ್ ಗೇರುಗಳಿಗೆ ಶಕ್ತಿ ಹಂಚುತ್ತವೆ. ನೇರ ಹೋಗುವಾಗ ಸ್ಟಾರ್ ಗೇರುಗಳು ತಮ್ಮ ಪಿನ್ನಿನ ಮೇಲೆ ತಿರುಗುವುದೇ ಇಲ್ಲ. ತಿರುವಿನಲ್ಲಿ ಮಾತ್ರ ಅವುಗಳಿಗೆ ಕೆಲಸ.

ಇದು ತಿಳಿದರೆ ಸದ್ದು ಕೇಳಿಯೇ ಅರ್ಧ ರೋಗ ಹಿಡಿಯಬಹುದು. ತಿರುವಿನಲ್ಲಷ್ಟೇ ಸದ್ದು ಬಂದರೆ ಸ್ಟಾರ್, ಸನ್ ಗೇರಿನ ಕಡೆ ನೋಡಿ. ಎಕ್ಸಲೇಟರ್ ಒತ್ತಿದಾಗ ಒಂದು ತರಹ, ಬಿಟ್ಟಾಗ ಇನ್ನೊಂದು ತರಹ ಊಳಿಟ್ಟರೆ ಪಿನಿಯನ್ ಬೇರಿಂಗು ಅಥವಾ ಹಲ್ಲಿನ ಕೂಡಿಕೆ. ವೇಗದ ಜೊತೆ ಏರುವ ಗುಡುಗುಡು ಸದ್ದಾದರೆ ಸಾಮಾನ್ಯವಾಗಿ ಬೇರಿಂಗು. ಗಾಡಿ ಎತ್ತುವಾಗ, ರಿವರ್ಸ್ ಹಾಕುವಾಗ ‘ಠಕ್’ ಅಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಅಲುಗಾಡಿಸಿ ನೋಡಿ. ಅದು ಬದಲಿಸಿದರೆ ಮುಗಿಯುವ ಕೆಲಸಕ್ಕೆ ಹೌಸಿಂಗ್ ಬಿಚ್ಚಿದವರನ್ನು ಕಂಡಿದ್ದೇನೆ.

ಮತ್ತೊಂದು ಮಾತು. ಹಿಂದಿನ ಎರಡು ಟಾಯರುಗಳಲ್ಲಿ ಒಂದು ಹೊಸದು, ಇನ್ನೊಂದು ಬೋಳು ಇದ್ದರೆ ನೇರ ರಸ್ತೆಯಲ್ಲೂ ಸ್ಟಾರ್ ಗೇರುಗಳು ತಿರುಗುತ್ತಲೇ ಇರುತ್ತವೆ. ಸವೆಯದೆ ಏನು ಮಾಡಿಯಾವು?

ಎಣ್ಣೆ ಹೇಳುವ ಸುದ್ದಿ

ಗಾಡಿಯನ್ನು ಜ್ಯಾಕಿನ ಮೇಲೆ ಮಾತ್ರ ನಿಲ್ಲಿಸಿ ಅಡಿಗೆ ಹೋಗಬೇಡಿ. ಇಟ್ಟಿಗೆ, ಕಲ್ಲಿನ ಗುಡ್ಡೆಯೂ ಬೇಡ, ಇಟ್ಟಿಗೆ ಹೇಳಿ ಒಡೆಯುವುದಿಲ್ಲ. ಗಟ್ಟಿ ಸ್ಟ್ಯಾಂಡು ಇಲ್ಲವೇ ಅಗಲವಾದ ಮರದ ದಿಮ್ಮಿ ಇಟ್ಟು, ಮುಂದಿನ ಗಾಲಿಗಳಿಗೆ ಅಡ್ಡಗಟ್ಟೆ ಕೊಡಿ.

ಎಣ್ಣೆಯನ್ನು ಸ್ವಚ್ಛ ಬುಟ್ಟಿಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಿ. ತಳದಲ್ಲಿ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಗಾಬರಿ ಬೇಡ. ಉಗುರಿನಂಥ ಚೂರು ಬಂದರೆ ಹಲ್ಲೋ ಬೇರಿಂಗೋ ಒಡೆದಿದೆ. ಹಾಲಿನ ಚಹಾದಂತಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಬಿಸಿಯಾದ ಹೌಸಿಂಗು ಹಳ್ಳಕ್ಕೆ ಇಳಿದಾಗ ತಟ್ಟನೆ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ, ಬ್ರೀದರಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಭಾಲ್ಕಿ, ಔರಾದ ಕಡೆ ಹಳ್ಳ ದಾಟುವವರು ವರ್ಷಕ್ಕೊಮ್ಮೆಯಾದರೂ ಈ ಎಣ್ಣೆ ನೋಡಲೇಬೇಕು. ಬ್ರೀದರ್ ಎಂದರೆ ಹೌಸಿಂಗಿನ ಮೇಲಿನ ಚಿಕ್ಕ ಉಸಿರುಗೊಳವೆ. ನಮ್ಮ ನೌಬಾದದ ಬಹಮನಿ ಕಾಲದ ಸುರಂಗ ಬಾವಿಗೆ ಮೇಲಿನಿಂದ ತೋಡಿದ ಬಾವಿಗಿಂಡಿಗಳಿಲ್ಲವೇ, ಹಾಗೆ. ಇದು ಮಣ್ಣಿನಿಂದ ಮುಚ್ಚಿಕೊಂಡರೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನಾಚೆ ಬ್ರೇಕಿನ ಡ್ರಮ್ಮಿಗೆ ತಳ್ಳುತ್ತದೆ. ಸೀಲು ಎಷ್ಟು ಸಲ ಬದಲಿಸಿದರೂ ಸೋರಿಕೆ ನಿಲ್ಲದ ಗಾಡಿಗಳಲ್ಲಿ ಮೊದಲು ಇದನ್ನೇ ನೋಡಬೇಕು.

ಅಳತೆ, ಗುರುತು, ಆಮೇಲೆ ಪಾನಾ

ಹಳೇ ಜೀಪಿನ ಹಿಂದಿನ ಎಕ್ಸೆಲ್ಲಿನಲ್ಲಿ ಹಬ್ ಕೂತಿರುವುದು ಓರೆಯಾದ ತುದಿಯ ಮೇಲೆ. ಪುಲ್ಲರ್ ಇಲ್ಲದೆ ಬರುವುದಿಲ್ಲ. ತುದಿಗೆ ಸುತ್ತಿಗೆ ಬೀಸಿದರೆ ಆ ಪೆಟ್ಟು ಒಳಗಿನ ಬೇರಿಂಗಿಗೂ ಎರಡು ಎಕ್ಸೆಲ್ಲಿನ ನಡುವಿನ ಥ್ರಸ್ಟ್ ಬ್ಲಾಕಿಗೂ ಬೀಳುತ್ತದೆ. ಪುಲ್ಲರನ್ನು ಒಂದು ದಿನಕ್ಕೆ ಬಾಡಿಗೆಗೆ ತನ್ನಿ.

ಹಿಂದಿನ ಮುಚ್ಚಳ ತೆಗೆದ ಕೂಡಲೇ ಪಾನಾ ಹಾಕಬೇಡಿ. ಡಯಲ್ ಗೇಜನ್ನು ಹೌಸಿಂಗಿಗೆ ಕೂಡಿಸಿ, ಮುಳ್ಳನ್ನು ಕ್ರೌನಿನ ಹಲ್ಲಿಗೆ ತಾಗಿಸಿ, ಪಿನಿಯನ್ ಹಿಡಿದು ಕ್ರೌನನ್ನು ಹಿಂದೆ–ಮುಂದೆ ಅಲುಗಿಸಿ. ಮುಳ್ಳು ಓಡಿದಷ್ಟು ‘ಪ್ಲೇ’. ಈ ಜಾತಿಯ ಎಕ್ಸೆಲ್ಲಿಗೆ ಅದು 0.13ರಿಂದ 0.23 ಮಿಲಿಮೀಟರಿನೊಳಗೆ ಇರಬೇಕು. ನಾಲ್ಕು ಕಡೆ ನೋಡಿ ಬರೆದಿಡಿ. ನಮ್ಮ ಗಾಡಿಯಲ್ಲಿ 0.40 ಇತ್ತು, ಆದರೆ ಹಲ್ಲುಗಳು ಕನ್ನಡಿಯಂತಿದ್ದವು. ಕೆಟ್ಟದ್ದು ಸೆಟ್ಟಲ್ಲ, ಬೇರಿಂಗು ಎಂದು ಗೊತ್ತಾದದ್ದು ಅಲ್ಲೇ.

ಬೇರಿಂಗ್ ಕ್ಯಾಪುಗಳಿಗೆ ಎಡ–ಬಲ, ಮೇಲೆ–ಕೆಳಗೆ ಗುರುತು ಹೊಡೆಯಿರಿ. ಅವು ಹೌಸಿಂಗಿನ ಜೊತೆಗೇ ಕೊರೆದವು, ಅದಲುಬದಲಾದರೆ ಕೂಡುವುದಿಲ್ಲ. ಗೂಡು ಬಿಗಿಯಾಗಿ ಕೂತಿರುತ್ತದೆ. ಎರಡು ಸಳಿಗೆ ಮರದ ತುಂಡು ಆನಿಸಿ ಎರಡೂ ಕಡೆ ಸಮನಾಗಿ ಮೀಟಿ. ಎಡಗಡೆಯ ಶಿಮ್ಮು ಬೇರೆ ತಂತಿಗೆ, ಬಲಗಡೆಯದು ಬೇರೆ ತಂತಿಗೆ ಪೋಣಿಸಿ. ಕಾಗದದಷ್ಟು ತೆಳುವಾದ ಈ ತಗಡುಗಳಲ್ಲೇ ಇಡೀ ಲೆಕ್ಕ ಅಡಗಿದೆ.

ಸ್ಟಾರ್ ಗೇರುಗಳ ಹಿಂದಿನ ವಾಶರು, ನಡುವಿನ ಪಿನ್ನು ನೋಡಿ. ಪಿನ್ನಿನ ಮೇಲೆ ಉಗುರು ಆಡಿಸಿದರೆ ಗುಂಡಿ ಸಿಕ್ಕುವುದಾದರೆ ಬದಲಿಸಿ. ಬೇರಿಂಗು ಕೊಳ್ಳುವಾಗ ಗಾಡಿ ಹೆಸರು ಹೇಳಬೇಡಿ, ಹಳೇ ಕಪ್ಪು–ಕೋನಿನ ಮೇಲಿನ ನಂಬರು ಬರೆದುಕೊಂಡು ಹೋಗಿ. ಕಪ್ಪು ಹಳೇದು, ಕೋನು ಹೊಸದು ಮಾಡುವ ಉಳಿತಾಯ ಬೇಡ. ಬೇರಿಂಗು ಒತ್ತಿ ಕೂಡಿಸುವ ಕೆಲಸ ಮಾತ್ರ ಲೇಥ್ ಅಂಗಡಿಯ ಪ್ರೆಸ್ಸಿಗೆ ಬಿಡಿ. ನಾವು ಇಂಡಸ್ಟ್ರಿಯಲ್ ಏರಿಯಾಕ್ಕೆ ಒಯ್ದು ಮಾಡಿಸಿದೆವು, ಅರ್ಧ ತಾಸಿನ ಕೆಲಸ.

ಹಲ್ಲು ಮುರಿದಿದ್ದರೆ ಸೆಟ್ಟು ಬದಲಿಸಲೇಬೇಕು. ಕ್ರೌನ್ ಒಂದು ಗಾಡಿಯದು, ಪಿನಿಯನ್ ಇನ್ನೊಂದರದು ನಡೆಯುವುದಿಲ್ಲ. ಎರಡನ್ನೂ ಕಾರ್ಖಾನೆಯಲ್ಲಿ ಜೊತೆಯಾಗಿ ಉಜ್ಜಿ ಒಂದೇ ಗುರುತು ಕೊಟ್ಟಿರುತ್ತಾರೆ. ಗುಜರಿಯಲ್ಲಿ ತರುವವರು ಹಲ್ಲು ಎಣಿಸಿ ತನ್ನಿ. ನಮ್ಮದು ಕ್ರೌನಿಗೆ 43, ಪಿನಿಯನ್ನಿಗೆ 8. ಫೋರ್ ವೀಲ್ ಗಾಡಿಯಾದರೆ ಮುಂದಿನ ಎಕ್ಸೆಲ್ಲಿಗೂ ಅದೇ ಲೆಕ್ಕ ಇರಬೇಕು, ಇಲ್ಲದಿದ್ದರೆ ಮುಂದಿನದೂ ಹಿಂದಿನದೂ ಜಗ್ಗಾಡಿ ಯಾವುದಾದರೊಂದು ಮುರಿಯುತ್ತದೆ.

ಕಾಯಿಪಲ್ಲೆ ತೂಗುವ ಸ್ಪ್ರಿಂಗ್ ತಕ್ಕಡಿ

ಪಿನಿಯನ್ ಬೇರಿಂಗಿನ ಬಿಗಿತವೇ ಇಡೀ ಕೆಲಸದ ಜೀವ. ಸಡಿಲವಾದರೆ ಪಿನಿಯನ್ ಓಲಾಡಿ ಹಲ್ಲು ತಿನ್ನುತ್ತದೆ, ಅತಿ ಬಿಗಿಯಾದರೆ ಬೇರಿಂಗು ಸುಡುತ್ತದೆ. “ಕೈಲೆ ತಿರುವಿದ್ರ ಗೊತ್ತಾಗ್ತದ” ಅನ್ನುವ ಮಿಸ್ತ್ರಿಗಳಿದ್ದಾರೆ. ನಲವತ್ತು ವರ್ಷದ ಕೈ ಇದ್ದರೆ ಇರಬಹುದು, ನಮ್ಮ ಕೈಗೆ ಅಳತೆ ಬೇಕು. ಕಾಕಾ ತೋರಿಸಿದ ಉಪಾಯ ಹೀಗಿದೆ. ಕ್ರೌನಿನ ಗೂಡು, ಆಯಿಲ್ ಸೀಲು ಎರಡೂ ಇಲ್ಲದಾಗ, ನಟ್ಟು ಪೂರ್ತಿ ಬಿಗಿದು, ಪಿನಿಯನ್ನಿನ ಫ್ಲಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಒಂದೇ ಸಮ ತಿರುಗುತ್ತಿರುವಾಗ ತಕ್ಕಡಿ ತೋರಿಸುವ ಕಿಲೋವನ್ನು ದಾರ ಸುತ್ತಿದ ಜಾಗದ ಅರ್ಧ ಅಗಲದಿಂದ (ಸೆಂಟಿಮೀಟರಿನಲ್ಲಿ) ಗುಣಿಸಿ. ಹೊಸ ಬೇರಿಂಗಿಗೆ 23ರಿಂದ 46 ಬರಬೇಕು. ಅರ್ಧ ಅಗಲ 5 ಸೆಂಟಿಮೀಟರ್ ಇದ್ದರೆ ತಕ್ಕಡಿ ಸುಮಾರು ನಾಲ್ಕೂವರೆಯಿಂದ ಒಂಬತ್ತು ಕಿಲೋ ತೋರಿಸುತ್ತದೆ. ಹಳೇ ಜೀಪಿನಲ್ಲಿ ಬಿಗಿತ ಹೆಚ್ಚಿದ್ದರೆ ಹೊರಗಿನ ಬೇರಿಂಗಿನ ಹಿಂದೆ ಶಿಮ್ಮು ಸೇರಿಸಬೇಕು, ಸಡಿಲವಿದ್ದರೆ ತೆಗೆಯಬೇಕು. ಕೆಲವು ಬೇರೆ ಗಾಡಿಗಳಲ್ಲಿ ಶಿಮ್ಮಿನ ಬದಲು ಕುಗ್ಗುವ ಬುಷ್ ಇರುತ್ತದೆ, ಅದು ಒಂದೇ ಸಲಕ್ಕೆ, ಪ್ರತಿ ಸಲವೂ ಹೊಸದೇ ಹಾಕಬೇಕು. ಆ ಗಾಡಿಗಳ ಅಂಕಿಗಳೂ ಬೇರೆ. ನಿಮ್ಮ ಗಾಡಿಯ ಪುಸ್ತಕ ನೋಡದೆ ನನ್ನ ಅಂಕಿ ಹಿಡಿಯಬೇಡಿ.

ಗೂಡು ಕೂಡಿಸಿ ಪ್ಲೇ ಮತ್ತೆ ಅಳೆಯಿರಿ. ಹೆಚ್ಚಿದ್ದರೆ ಕ್ರೌನನ್ನು ಪಿನಿಯನ್ನಿನ ಹತ್ತಿರ ತನ್ನಿ. ಅಂದರೆ ಒಂದು ಕಡೆ ತೆಗೆದ ಶಿಮ್ಮನ್ನೇ ಇನ್ನೊಂದು ಕಡೆ ಹಾಕುವುದು, ಒಟ್ಟು ದಪ್ಪ ಬದಲಾಗಬಾರದು. ನಾವು ಮೂರು ಸಲ ಬಿಚ್ಚಿ ಹಾಕಿದ ಮೇಲೆ 0.18ಕ್ಕೆ ನಿಂತಿತು. ಬೇಸರದ ಕೆಲಸ, ಆದರೆ ಇದನ್ನೇ ಅವಸರದ ಅಂಗಡಿಗಳು ಬಿಡುವುದು.

ಕೊನೆಗೆ ಹಲ್ಲಿನ ಗುರುತು. ಡಬ್ಬಿಯ ತಳದ ಗಟ್ಟಿ ಹಳದಿ ಆಯಿಲ್ ಪೇಂಟನ್ನು ಕ್ರೌನಿನ ಎಂಟ್ಹತ್ತು ಹಲ್ಲಿಗೆ ತೆಳ್ಳಗೆ ಹಚ್ಚಿ, ಕ್ರೌನಿಗೆ ಮರದ ತುಂಡು ಆನಿಸಿ ಸ್ವಲ್ಪ ತಡೆಯುತ್ತ ಪಿನಿಯನ್ ತಿರುವಿ. ಬಣ್ಣ ಅಳಿಸಿದ ಜಾಗ ಹಲ್ಲಿನ ಎತ್ತರದ ನಡುವೆ ಇರಬೇಕು. ತುದಿಗೆ ಬಿದ್ದರೆ ಪಿನಿಯನ್ ದೂರವಿದೆ, ಅದರ ಒಳ ಬೇರಿಂಗಿನ ಕಪ್ಪಿನ ಹಿಂದೆ ಶಿಮ್ಮು ಸೇರಿಸಿ. ಬುಡಕ್ಕೆ ಬಿದ್ದರೆ ತೆಗೆಯಿರಿ. ಹಳೇ ಸೆಟ್ಟಿಗೆ ಹೊಸ ಬೇರಿಂಗು ಹಾಕುವವರು ಹಳೇ ಶಿಮ್ಮಿನಿಂದಲೇ ಸುರು ಮಾಡಿದರೆ ಬಹಳ ಸಲ ಇಲ್ಲಿ ಕೈ ಹಚ್ಚುವ ಪ್ರಸಂಗ ಬರುವುದಿಲ್ಲ.

ಟ್ರ್ಯಾಕ್ಟರಿನವರಿಗೆ

ಟ್ರ್ಯಾಕ್ಟರಿನ ಡಿಫ್ರೆನ್ಸಲ್ಲಿನ ತತ್ವ ಒಂದೇ ಆದರೂ ಮನೆಯಲ್ಲಿ ಬಿಚ್ಚಲು ನಾನು ಹೇಳುವುದಿಲ್ಲ. ಹಿಂದಿನ ಭಾರೀ ಹೌಸಿಂಗನ್ನೇ ಕಳಚಬೇಕು, ಚೈನ್ ಪುಲ್ಲಿ ಮತ್ತು ಗಟ್ಟಿ ತೊಲೆ ಇಲ್ಲದೆ ಅದು ಜೀವಕ್ಕೆ ಕುತ್ತು. ಕೆಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಎರೆ ನೆಲದ ರಾಡಿಯಲ್ಲಿ ಒಂದು ಗಾಲಿ ಬಿಡದೆ ತಿರುಗತೊಡಗಿದಾಗ ಡಿಫ್ರೆನ್ಸಲ್ ಲಾಕ್ ಒತ್ತುತ್ತೇವಲ್ಲ, ಗಾಲಿ ಭರದಿಂದ ತಿರುಗುತ್ತಿರುವಾಗ ಒತ್ತಬಾರದು. ಕ್ಲಚ್ ಹಿಡಿದು ಗಾಲಿ ನಿಂತ ಮೇಲೆ ಒತ್ತಿ, ನೇರ ಹೊರಬಂದು ಬಿಟ್ಟುಬಿಡಿ. ಲಾಕ್ ಒತ್ತಿಕೊಂಡೇ ಕಬ್ಬಿನ ಟ್ರೇಲರ್ ತಿರುಗಿಸಿದರೆ ಆ ಭಾರವೆಲ್ಲ ಗೇರು, ಎಕ್ಸೆಲ್ಲುಗಳ ಮೇಲೆ.

ನಮ್ಮ ಜೀಪಿಗೆ ನಾಲ್ಕು ಬೇರಿಂಗು, ಮೂರು ಸೀಲು, ಸ್ಟಾರ್ ವಾಶರು, 90 ನಂಬರಿನ ಜಿಎಲ್–5 ಗೇರ್ ಎಣ್ಣೆ, ಇಷ್ಟೇ ಬಿದ್ದದ್ದು. ಕ್ರೌನ್, ಪಿನಿಯನ್ ಹಳೆಯವೇ ಇವೆ. ಎಣ್ಣೆ ತುಂಬುವ ತೂತಿನ ಕೆಳ ಅಂಚಿನವರೆಗೆ ಸಾಕು, ಹೆಚ್ಚು ಹಾಕಿದರೆ ಬ್ರೇಕಿಗೆ ಇಳಿಯುತ್ತದೆ. ಮೊದಲ ಹತ್ತು–ಹದಿನೈದು ಕಿಲೋಮೀಟರ್ ಖಾಲಿ ಓಡಿಸಿ ಹೌಸಿಂಗಿನ ಮೂತಿಯ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಪಿನಿಯನ್ ಬಿಗಿಯಾಗಿದೆ, ಮತ್ತೆ ಬಿಚ್ಚಬೇಕು. ಐನೂರು ಕಿಲೋಮೀಟರಿಗೆ ಎಣ್ಣೆ ಒಮ್ಮೆ ಬದಲಿಸಿ, ಆಗ ಬರುವ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ.